ಮಗ್ಗದ ಡಬ್ಬಿಗೆ ಕಟ್ಟಿಕೊಟ್ಟ ಕೋಡು

ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ ಅಂದರೆ ಜನ ನಾನು ಕೋಡು ಬರೆಯುತ್ತಿದ್ದೆ ಅಂದುಕೊಳ್ಳುತ್ತಾರೆ. ಬರೆಯುತ್ತಿದ್ದವರು ಬೇರೆ. ಬಳಸುತ್ತಿದ್ದವರೂ ಬೇರೆ. ಬರೆದದ್ದು ಬಳಸುವವರ ಕೈ ಸೇರುವ ಹಾಗೆ ಕಟ್ಟಿ ಕಳಿಸುವುದು ನನ್ನ ಕೆಲಸವಾಗಿತ್ತು. ಈಗ ಅದಕ್ಕೆ ಬಿಲ್ಡ್, ರಿಲೀಸ್ ಅಂತೆಲ್ಲ ಹೆಸರಿದೆ, ಕಾಲೇಜು ಮುಗಿಸಿದವರು ಅದಕ್ಕೆಂದೇ ಸೇರುತ್ತಾರೆ. ಸೇರಿದ ಸ್ವಲ್ಪ ದಿನಕ್ಕೇ, ಇದರಲ್ಲಿ ಬಟನ್ ಒತ್ತುವುದು ಬಿಟ್ಟರೆ ಏನೂ ಇಲ್ಲ ಅಂತ ಬೇಜಾರು ಮಾಡಿಕೊಂಡು ಬೇರೆ ಟೀಮಿಗೆ ಹಾಕಿ ಅಂತ ಕೇಳುತ್ತಾರೆ. ಅಂಥವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೂ ಬೇರೆ ಟೀಮಿಗೆ ಹೋಗಬೇಕು ಅನ್ನಿಸಿದರೆ ಹೋಗಲಿ, ನನಗೇನೂ ಬೇಸರವಿಲ್ಲ.

ನಮ್ಮೂರು ದೊಡ್ಡಬೆಳವಂಗಲ. ಮನೆಯಲ್ಲಿ ರಾಗಿ, ಹೂವು, ಒಂದಿಷ್ಟು ದ್ರಾಕ್ಷಿ. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋಗಬೇಕು ಅಂದುಕೊಂಡಿದ್ದವಳು, ದೊಡ್ಡಬಳ್ಳಾಪುರದಲ್ಲಿ ನೂಲಿನ ಅಂಗಡಿಯ ಮಹಡಿ ಮೇಲಿದ್ದ ಪುಟ್ಟ ಕಂಪನಿಯೊಂದಕ್ಕೆ ಸೇರಿಕೊಂಡೆ. ಬಸ್ಸು ಹತ್ತಿರ, ಅಷ್ಟೇ ಕಾರಣ. ಕೊನೆಯವರೆಗೂ ಅಲ್ಲೇ ಉಳಿದುಬಿಟ್ಟೆ.

ಕಂಪನಿ ಕಟ್ಟಿದವರು ಮೂರ್ತಿ ಸಾರ್. ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿ ಬಿಟ್ಟು ಬಂದವರು. ಆಗ ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ತೂಗುತ್ತಿತ್ತು. ಕಾರ್ಡಿನಲ್ಲಿ ತೂತಿದ್ದ ಕಡೆ ಉದ್ದಕ್ಕೆ ಹೂಡಿದ ಹಾಸಿನ ಎಳೆ ಮೇಲೇಳಬೇಕು, ಇಲ್ಲದ ಕಡೆ ಕೆಳಗಿರಬೇಕು. ಹಾಗೆ ಎದ್ದು ಇಳಿದೇ ಸೀರೆಯ ಮೇಲೆ ನವಿಲೋ ಮಾವಿನಕಾಯಿಯೋ ಮೂಡುತ್ತಿತ್ತು. ಆ ಕಾರ್ಡು ತೆಗೆದು ಅದರ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಬೇಕು ಅನ್ನುವುದು ಸಾರ್ ಆಸೆ. ಕೋಡು ಬರೆಯುತ್ತಿದ್ದವನು ಷಫಿ. ಅವನ ತಂದೆ, ಚಿಕ್ಕಪ್ಪಂದಿರು ಎಲ್ಲರೂ ನೇಯುವವರೇ. ಮಾತು ಕಮ್ಮಿ, ನಗು ಜಾಸ್ತಿ. ಅವನು ಬರೆದದ್ದನ್ನು ನಾನು ಫ್ಲಾಪಿಗೆ ತುಂಬಿಸಿ, ಮೇಲೆ ಚೀಟಿ ಅಂಟಿಸಿ, ನೇಕಾರರ ಮನೆಗೆ ತಲುಪಿಸುತ್ತಿದ್ದೆ.

ಮೊದಲ ದೊಡ್ಡ ಎಡವಟ್ಟು ಮೂರ್ತಿ ಸಾರ್‌ದೇ. ಪ್ರೋಗ್ರಾಮು ತನಗೆ ಬೇಕಾದ ಚಿತ್ರಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಜಾಗದಲ್ಲಿ ಅವರು ತಮ್ಮ ಸ್ವಂತ ಕಂಪ್ಯೂಟರಿನ ಫೋಲ್ಡರಿನ ಹೆಸರನ್ನೇ ಬರೆದುಬಿಟ್ಟಿದ್ದರು. ಆಫೀಸಿನಲ್ಲಿ ಸಲೀಸಾಗಿ ಓಡಿತು. ಹೊಸಕೋಟೆಯ ಒಂದು ಮಗ್ಗದ ಶೆಡ್ಡಿಗೆ ಹೋದರೆ ಅಲುಗಾಡಲಿಲ್ಲ. ಷಫಿ ಕಾರಣ ಹುಡುಕಿದ. ಅಷ್ಟು ಹೊತ್ತಿಗೆ ಫ್ಲಾಪಿಗಳು ಊರೆಲ್ಲ ಹಂಚಿಹೋಗಿದ್ದವು. ಸಾರ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಎಲ್ಲರ ಕಂಪ್ಯೂಟರಿನಲ್ಲೂ ಮೂರ್ತಿ ಅಂತ ಒಂದು ಫೋಲ್ಡರು ಮಾಡಿಕೊಡು ಅಂದರು. ಮನೆಮನೆಗೆ ಹೋಗಿ ಮಾಡಿಕೊಟ್ಟು ಬಂದೆ. ಆಮೇಲೆ ಕೋಡು ಸರಿಹೋದರೂ ನೇಕಾರರು ಆ ಫೋಲ್ಡರನ್ನು ಅಳಿಸಲಿಲ್ಲ. ಹೊಸ ಕಂಪ್ಯೂಟರು ತಂದರೆ ಮೊದಲು ಅದನ್ನೇ ಮಾಡುತ್ತಿದ್ದರು. ಬೇಡ ಅಂದರೆ, ಇರಲಿ ಬಿಡಿ, ಇದ್ದರೇನು ನಷ್ಟ ಅನ್ನೋರು. ಸಾರ್‌ಗೆ ಇದರಿಂದ ನಾಚಿಕೆಯೂ ಆಗುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ನನಗೆ ಅಲ್ಲಿ ಒಂದು ವಿಷಯ ಗೊತ್ತಾಯಿತು. ನಮ್ಮ ಮೇಜಿನ ಮೇಲೆ ಓಡುವುದಕ್ಕೆ ನಮ್ಮ ಮೇಜೇ ಕಾರಣವಾಗಿರಬಹುದು. ನಮಗೆ ಕಾಣದೆ ಸುತ್ತ ಇರುವ ಎಷ್ಟೋ ವಸ್ತುಗಳು ಕೋಡಿನ ಕೈ ಹಿಡಿದಿರುತ್ತವೆ. ಕಟ್ಟಿ ಕಳಿಸುವವಳು ಅವನ್ನೆಲ್ಲ ಗುರುತಿಸಿ, ಬೇಕಾದ್ದನ್ನು ಜೊತೆಗಿಡಬೇಕು.

ವರ್ಷಗಳು ಹೋದ ಹಾಗೆ ಫ್ಲಾಪಿ ಹೋಗಿ ಸಿಡಿ ಬಂತು, ಸಿಡಿ ಹೋಗಿ ಡೌನ್‌ಲೋಡು ಬಂತು. ಷಫಿ ತನ್ನ ಕೋಡಿನ ತಿರುಳನ್ನೆಲ್ಲ ಬೇರೆ ತೆಗೆದು ಒಂದು ಲೈಬ್ರರಿ ಮಾಡಿದ. ಲೈಬ್ರರಿ ಅಂದರೆ ಪುಸ್ತಕ ಇಡುವ ಜಾಗ ಅಲ್ಲ. ಬೇರೆ ಪ್ರೋಗ್ರಾಮುಗಳು ತಮಗೆ ಬೇಕಾದಾಗ ಕರೆದು ಕೆಲಸ ಮಾಡಿಸಿಕೊಳ್ಳುವ ಕೋಡಿನ ಸಂಗ್ರಹ. ಚಿತ್ರ ಕೊಟ್ಟರೆ ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಅಂತ ಅದು ಲೆಕ್ಕ ಹಾಕಿಕೊಡುತ್ತಿತ್ತು. ಅದರ ಕೋಡು ಒಂದೇ. ಆದರೆ ಅದು ಹೋಗಿ ಕೂರಬೇಕಾದ ಜಾಗಗಳು ಮೂರು. ಡಿಸೈನು ಮಾಡುವವರ ಬ್ರೌಸರ್ ಒಂದು, ಬೇರೆ ಕಂಪನಿಗಳ ಸರ್ವರ್ ಒಂದು, ರಟ್ಟಿನ ಕಾರ್ಡಿನ ಬದಲು ಎಳೆಗಳನ್ನು ನಡೆಸಲು ಮಗ್ಗದ ಪಕ್ಕ ಗೋಡೆಗೆ ಹೊಡೆದಿದ್ದ ಕಬ್ಬಿಣದ ಡಬ್ಬಿ ಇನ್ನೊಂದು.

ಬ್ರೌಸರಿಗೆ ಫೈಲು ಹಗುರ ಇರಬೇಕು, ಇಲ್ಲವಾದರೆ ಪುಟ ತೆರೆಯುವಷ್ಟರಲ್ಲಿ ನೋಡುವವರು ಎದ್ದು ಹೋಗುತ್ತಾರೆ. ಸರ್ವರಿಗೆ ಭಾರದ ಚಿಂತೆ ಇಲ್ಲ, ಬಿಡಿಬಿಡಿಯಾಗಿ ಕೊಟ್ಟರೂ ಜೋಡಿಸಿಕೊಳ್ಳುತ್ತದೆ. ಡಬ್ಬಿಯದೇ ಕಷ್ಟ. ಒಳಗಿದ್ದದ್ದು ಹಳೆಯ ಪುಟ್ಟ ಕಂಪ್ಯೂಟರು. ಇಂಟರ್ನೆಟ್ ಇಲ್ಲ. ಹೊಸ ಬಗೆಯ ಕೋಡು ಅದಕ್ಕೆ ಅರ್ಥವಾಗುವುದಿಲ್ಲ, ಹಳೆಯ ಬಗೆಗೆ ಇಳಿಸಿ ಕೊಡಬೇಕು. ಬೇಕಾದದ್ದೆಲ್ಲ ಒಂದೇ ಫೈಲಿನಲ್ಲಿರಬೇಕು, ಆ ಫೈಲು ಪೆನ್‌ಡ್ರೈವಿನಲ್ಲಿ ಹೋಗಬೇಕು. ಏನಾದರೂ ಮರೆತರೆ ಡಬ್ಬಿ ಯಾರನ್ನೂ ಕೇಳುವ ಹಾಗಿಲ್ಲ. ಹೀಗೆ ಕಟ್ಟಿದ ಫೈಲನ್ನು ನಾವು ಕಟ್ಟು ಅನ್ನುತ್ತಿದ್ದೆವು. ಬಾಕಿ ಎರಡು ಕಟ್ಟುಗಳನ್ನು ಬಿಲ್ಡ್ ಮಾಡುವ ಟೂಲು ತಾನೇ ಮಾಡುತ್ತಿತ್ತು. ಡಬ್ಬಿಯದನ್ನು ಮಾತ್ರ ನಾನು ಕೈಯಾರೆ ಒಂದೊಂದೇ ಭಾಗ ನೋಡಿ ಜೋಡಿಸುತ್ತಿದ್ದೆ. ನಮ್ಮತ್ತೆ ಒಮ್ಮೆ, ದಿನವೆಲ್ಲ ಆ ಕಂಪ್ಯೂಟರ್ ಮುಂದೆ ಏನೇ ಮಾಡ್ತೀಯ ಅಂತ ಕೇಳಿದ್ದಕ್ಕೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಹಂಗಾದ್ರೆ ಆ ಡಬ್ಬಿಯೊಂದೇ ನಿನ್ನ ಕೆಲಸ ಅಂದರು. ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವಾಗಿತ್ತು.

ಮೂರ್ತಿ ಸಾರ್ ವಯಸ್ಸಾಗಿ ಮನೆ ಸೇರಿದ ಮೇಲೆ ಮ್ಯಾನೇಜರ್ ಆಗಿ ಬಂದವರು ಅನುಪಮಾ. ಬೆಂಗಳೂರಿನವರು, ನನಗಿಂತ ತುಂಬಾ ಚಿಕ್ಕವರು. ದಿನಾ ಯಲಹಂಕ ದಾಟಿಕೊಂಡು ಕಾರಿನಲ್ಲಿ ಬರುತ್ತಿದ್ದರು. ಬಂದ ವಾರವೇ ನಮ್ಮ ಕೋಣೆಯ ಮೂಲೆಯಲ್ಲಿದ್ದ ಹಳೇ ಸಾಮಾನು ಖಾಲಿ ಮಾಡಿಸಿದರು. ಪರೀಕ್ಷೆಗೆ ಇಟ್ಟುಕೊಂಡಿದ್ದ ಡಬ್ಬಿಯೂ ಅದರಲ್ಲಿ ಹೋಯಿತು. ಅದು ಮೊದಲೇ ಕೆಟ್ಟು ಕೂತಿತ್ತು, ರಿಪೇರಿ ಮಾಡಿಸೋಣ ಅಂತ ನಾವೇ ಮುಂದೆ ಹಾಕುತ್ತಾ ಬಂದಿದ್ದೆವು. ಆಮೇಲೆ ಅವರು ಹೊಸ ಟೂಲು ತಂದರು. ಮೂರು ಕಟ್ಟುಗಳನ್ನೂ ಅದೇ ಮಾಡಬೇಕು, ಕೈಯಲ್ಲಿ ಜೋಡಿಸುವುದು ಬೇಡ ಅಂದರು. ಮುಂದಿನ ವರ್ಷದಿಂದ ಡಬ್ಬಿಯ ಕಟ್ಟನ್ನೇ ನಿಲ್ಲಿಸೋಣ, ಅಷ್ಟು ಹಳೆಯದನ್ನು ಇಷ್ಟು ದಿನ ಯಾರೂ ಎಳೆಯುವುದಿಲ್ಲ ಅಂತಲೂ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಹಿಡಿಸಲಿಲ್ಲ. ಊಟದ ಹೊತ್ತಿಗೆ ಅವರು ಬಂದು ಕೂತರೆ ನಾನು ಬೇಗ ಬುತ್ತಿ ಮುಚ್ಚಿ ಏಳುತ್ತಿದ್ದೆ. ಷಫಿ ಇದನ್ನು ನೋಡಿ ನಗುತ್ತಿದ್ದ.

ಹೊಸ ಟೂಲಿನಲ್ಲಿ ಮಾಡಿದ ಮೊದಲ ಕಟ್ಟು ಹೋದ ಕೆಲವು ದಿನಕ್ಕೆ ಹನುಮಂತರಾಯಪ್ಪನವರ ಫೋನು ಬಂತು. ಊರಿನ ಆಚೆ ಕಡೆ ಅವರ ಶೆಡ್ಡು. ಅವರೂ, ಹೆಂಡತಿ ಗಂಗಮ್ಮನೂ ಸೇರಿ ನಡೆಸುವ ರೇಷ್ಮೆ ಮಗ್ಗಗಳು. ನಮ್ಮ ಡಬ್ಬಿಯನ್ನು ಮೊದಮೊದಲು ಹಾಕಿಸಿಕೊಂಡವರಲ್ಲಿ ಅವರೂ ಒಬ್ಬರು. ಮದುವೆ ಸೀರೆಯ ಸೆರಗಿನಲ್ಲಿ ವಧೂವರರ ಹೆಸರು ನೇಯುವುದಕ್ಕೆ ಅವರ ಮಗ್ಗ ಹೆಸರುವಾಸಿ. ಅದಕ್ಕೂ ಷಫಿಯ ಲೈಬ್ರರಿಯೇ ಬೇಕು. ಡಿಸೈನು ಒಂದೇ ಇಟ್ಟುಕೊಂಡು ಹೆಸರು ಮಾತ್ರ ಡಬ್ಬಿಯಲ್ಲಿ ಟೈಪು ಮಾಡಿದರೆ ಸಾಕು, ಅಕ್ಷರಗಳನ್ನು ಎಳೆಗಳ ಲೆಕ್ಕಕ್ಕೆ ಅದೇ ತಿರುಗಿಸುತ್ತಿತ್ತು.

ಹನುಮಂತರಾಯಪ್ಪನವರು ಫೋನಿನಲ್ಲಿ ಕೂಗಾಡಲಿಲ್ಲ. ಹೆಸರು ಒಡೆದುಹೋಗಿದೆ, ಮಗ್ಗ ನಿಲ್ಲಿಸಿದ್ದೀನಿ, ಒಂದು ಸಲ ಬಂದು ನೋಡಿ ಅಂತ ಮಾತ್ರ ಹೇಳಿದರು. ನಾನೂ ಷಫಿಯೂ ಹೊರಟೆವು. ಬ್ಯಾಗು ತೆಗೆದುಕೊಳ್ಳುತ್ತಿರುವಾಗ ಅನುಪಮಾ ತಮ್ಮ ಕ್ಯಾಬಿನ್ನಿನಿಂದ ಬಂದು, ನಾನೂ ಬರ್ತೀನಿ, ನನ್ನ ಕಾರಲ್ಲೇ ಹೋಗೋಣ ಅಂದರು.

ಶೆಡ್ಡಿನಲ್ಲಿ ಬಾಕಿ ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು, ಒಂದು ಮಾತ್ರ ನಿಂತಿತ್ತು. ಆ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ಮೇಲೆ ಕಾಣುವುದು ಬೆನ್ನು. ಏನು ಮೂಡುತ್ತಿದೆ ಅಂತ ನೋಡಬೇಕಾದರೆ ಕೆಳಗೆ ಕನ್ನಡಿ ಹಿಡಿಯಬೇಕು. ಮೊದಲು ವರನ ಹೆಸರು ಬಂದಿತ್ತು, ಮನು ಅಂತ. ಒತ್ತಕ್ಷರವಿಲ್ಲದ ಹೆಸರು, ಸರಿಯಾಗೇ ಇತ್ತು. ಹಾಗಾಗಿ ಅನುಮಾನ ಬರದೆ ಮುಂದೆ ನೇಯ್ದಿದ್ದರು. ವಧುವಿನ ಹೆಸರು ಮುಗಿಯುತ್ತಾ ಬಂದಾಗ ಗಂಗಮ್ಮ ಕನ್ನಡಿ ಹಿಡಿದಿದ್ದಾರೆ.

ಹುಡುಗಿಯ ಹೆಸರು ಜ್ಯೋತ್ಸ್ನಾ. ಕನ್ನಡಿಯಲ್ಲಿ ಕಂಡದ್ದು ಬೇರೆ ಬೇರೆಯಾಗಿ ನಿಂತ ಅಕ್ಷರಗಳ ಸಾಲು. ಜ್ ಒಂದು ಕಡೆ, ಯೋ ಒಂದು ಕಡೆ, ತ್, ಸ್, ನಾ ಎಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ. ಒತ್ತಕ್ಷರ ಒಂದೂ ಕೂತಿರಲಿಲ್ಲ. ಜರಿಯಲ್ಲಿ ಅದು ಹೊಳೆಯುತ್ತಾ ಇತ್ತು.

ಬಿಚ್ಚಿ ಮತ್ತೆ ನೇಯಬಹುದು ಅಂತ ಷಫಿ ನಿಧಾನಕ್ಕೆ ಅಂದ. ಬಿಚ್ಚಬಹುದು ಅನ್ನುವುದು ಹನುಮಂತರಾಯಪ್ಪನವರಿಗೂ ಗೊತ್ತು. ಆದರೆ ರೇಷ್ಮೆ ಹಾಸು, ಒಂದೇ ಜಾಗದಲ್ಲಿ ಬಿಚ್ಚಿ ಬಿಚ್ಚಿ ನೇಯ್ದರೆ ಎಳೆ ಸವೆದು ಕಿತ್ತುಬರುತ್ತದೆ. ಒಂದು ಸಲ ತಡೆಯುತ್ತದೆ, ಇನ್ನೊಂದು ಸಲಕ್ಕೆ ಅವರು ಮಾತು ಕೊಡಲಾರರು. ಹುಡುಗಿ ಮಾರನೆಯ ದಿನ ಸೀರೆ ಒಯ್ಯಲು ಬರುವವಳಿದ್ದಳು. ಆಮೇಲೆ ಗಂಗಮ್ಮ ಆ ಹುಡುಗಿಯ ವಿಷಯ ಹೇಳಿದರು. ದೇವನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಸ್ಕೂಲಿಗೆ ಸೇರಿದಂದಿನಿಂದ ಅವಳ ಹೆಸರನ್ನು ಯಾರೂ ನೆಟ್ಟಗೆ ಬರೆದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಒಂಥರ, ಆಧಾರಿನಲ್ಲಿ ಒಂಥರ, ಆಸ್ಪತ್ರೆಯ ಬ್ಯಾಡ್ಜಿನಲ್ಲಿ ಇನ್ನೊಂಥರ. ಮದುವೆ ಪತ್ರಿಕೆಯಲ್ಲೂ ಪ್ರೆಸ್ಸಿನವರು ಜೋಸ್ನ ಅಂತ ಹಾಕಿಬಿಟ್ಟಿದ್ದರಂತೆ.

'ಆರ್ಡರ್ ಕೊಡೋಕೆ ಬಂದಾಗ ತಾನೇ ಕೂತ್ಕೊಂಡು ಹೆಸರು ಬರ್ಕೊಟ್ಟು ಹೋದ್ಲು ಕಣಮ್ಮ' ಅಂದರು ಗಂಗಮ್ಮ. 'ಆಂಟಿ, ಒಂದು ಕಡೆ ಆದ್ರೂ ನಾನು ನಾನಾಗಿರ್ಬೇಕು ಅಂದ್ಲು. ಈಗ ಅವಳ ಮುಖ ಹೆಂಗೆ ನೋಡ್ಲಿ?'

ನಾನು ಷಫಿಯ ಕಡೆ ನೋಡಿದೆ. ಅನುಪಮಾ ಅಷ್ಟರಲ್ಲಿ ಮಗ್ಗದ ಪಕ್ಕ ನೆಲದ ಮೇಲೇ ಕೂತು, ಕನ್ನಡಿ ಇಸಿದುಕೊಂಡು, ಆ ಅಕ್ಷರಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅವರು ಉಟ್ಟಿದ್ದ ಸೀರೆಗೆಲ್ಲ ಮಗ್ಗದ ಎಣ್ಣೆ ಹತ್ತಿತ್ತು. ಅದರ ಕಡೆ ಅವರ ಗಮನವೇ ಇರಲಿಲ್ಲ. ತುಂಬಾ ಹೊತ್ತು ನೋಡಿ, ಅಕ್ಷರ ಜೋಡಿಸುವ ಭಾಗವೇ ಈ ಕಟ್ಟಿನಲ್ಲಿಲ್ಲ ಅಂದರು.

ಹೇಗೆ ಅಂತ ನಮಗೂ ತಕ್ಷಣ ಹೊಳೆಯಿತು. ಹೊಸ ಟೂಲಿಗೆ ಒಂದು ಗುಣವಿತ್ತು. ಯಾರೂ ಹೆಸರು ಹಿಡಿದು ಕರೆಯದ ಕೋಡನ್ನು ಅದು ಬಳಕೆಯಲ್ಲಿಲ್ಲ ಅಂದುಕೊಂಡು ಉದುರಿಸಿಬಿಡುತ್ತದೆ. ಫೈಲು ಹಗುರವಾಗುವುದು ಹಾಗೇ. ಬ್ರೌಸರಿಗೆ ಅದರಿಂದ ತೊಂದರೆಯಿಲ್ಲ, ಕನ್ನಡದ ಒತ್ತಕ್ಷರ ಜೋಡಿಸುವುದು ಬ್ರೌಸರಿಗೇ ಗೊತ್ತು. ಡಬ್ಬಿಗೆ ಗೊತ್ತಿಲ್ಲ. ಅದಕ್ಕಾಗಿ ಷಫಿ ಬೇರೆಯೇ ಒಂದು ಭಾಗ ಬರೆದಿದ್ದ. ಕನ್ನಡ ಅಕ್ಷರ ಕಂಡಾಗ ಮಾತ್ರ ಡಬ್ಬಿ ಅದನ್ನು ಹುಡುಕಿಕೊಳ್ಳುತ್ತಿತ್ತು, ಮೊದಲೇ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೈಯಲ್ಲಿ ಜೋಡಿಸುವಾಗ ಅದು ಬೇಕು ಅಂತ ನನಗೆ ಗೊತ್ತಿರುತ್ತಿತ್ತು. ಟೂಲಿಗೆ ಗೊತ್ತಿರಲಿಲ್ಲ. ನಾವು ಮೂವರೂ ಆಫೀಸಿನಲ್ಲಿ ಬ್ರೌಸರಿನಲ್ಲಿ ನೋಡಿ, ಚೆನ್ನಾಗಿದೆ ಅಂತ ಕಳಿಸಿದ್ದೆವು.

ಅನುಪಮಾ ಎದ್ದು ನಿಂತು ಹನುಮಂತರಾಯಪ್ಪನವರಿಗೆ ಹೇಳಿದರು. 'ಸಾರ್, ಈ ಟೂಲು ತಂದವಳು ನಾನು. ಡಬ್ಬೀಲಿ ಹಾಕಿ ನೋಡದೆ ಕಳಿಸಿದ್ದೂ ನಾವೇ. ಹೆಸರು ಸರಿಯಾಗಿ ಬರೋವರೆಗೂ ನಾನು ಇಲ್ಲಿಂದ ಹೋಗಲ್ಲ.'

ಹನುಮಂತರಾಯಪ್ಪನವರು ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಅವರ ಮುಂದೆ ಇಟ್ಟರು. ಅವರ ಸ್ವಭಾವ ಬಲ್ಲ ನನಗೆ ಅಷ್ಟು ಸಾಕಿತ್ತು.

ಒಂದು ಕಡೆ ಗಂಗಮ್ಮ ಸೂಜಿ ಹಿಡಿದು ಅಡ್ಡಕ್ಕೆ ನೇಯ್ದ ಹೊಕ್ಕಿನ ಎಳೆಗಳನ್ನು ಒಂದೊಂದೇ ಬಿಡಿಸಲು ಕೂತರು. ಇನ್ನೊಂದು ಕಡೆ ನಾವು ನೂಲಿನ ಮೂಟೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಉದುರಿಹೋದ ಭಾಗವನ್ನು ಮತ್ತೆ ಸೇರಿಸುವುದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಆಮೇಲೆ. ಹೊಸ ಟೂಲು ತನ್ನದೇ ಸಾಮಾನನ್ನೂ ಕಟ್ಟಿನೊಳಗೆ ತುಂಬಿತ್ತು. ಅದರ ಜೊತೆ ಅಕ್ಷರದ ಭಾಗವೂ ಸೇರಿ ಫೈಲು ದಪ್ಪವಾಯಿತು, ಡಬ್ಬಿಯೊಳಗೆ ಹಿಡಿಸಲಿಲ್ಲ. ಏನನ್ನಾದರೂ ಬಿಡಬೇಕಿತ್ತು. ಯಾವುದನ್ನು ಬಿಡುವುದು ಅಂತ ಷಫಿ ನನ್ನನ್ನು ಕೇಳಿದ. ತಾನು ಬರೆದ ಕೋಡನ್ನು ತಾನೇ ಕತ್ತರಿಸಲು ಅವನಿಗೆ ಕೈ ಬರುತ್ತಿರಲಿಲ್ಲ.

ನಾನು ಡಬ್ಬಿಯ ಮುಂದೆ ನಿಂತು ಯೋಚನೆ ಮಾಡಿದೆ. ಅದಕ್ಕಿದ್ದದ್ದು ಎರಡು ಸಾಲು ಅಕ್ಷರ ತೋರಿಸುವ ಪುಟ್ಟ ಪರದೆ. ಸೀರೆ ಹೇಗೆ ಕಾಣುತ್ತದೆ ಅಂತ ಬಣ್ಣದಲ್ಲಿ ತೋರಿಸುವ ಕೋಡು ಅದಕ್ಕೆ ಯಾಕೆ ಬೇಕು? ಬೇರೆ ಬೇರೆ ಬಗೆಯ ಚಿತ್ರಗಳನ್ನು ಓದುವ ಕೋಡು ಯಾಕೆ, ಇಲ್ಲಿಗೆ ಬರುವುದು ಒಂದೇ ಬಗೆಯದು. ಆ ಎರಡನ್ನೂ ಬಿಡು ಅಂದೆ. ಅನುಪಮಾ ಟೂಲಿಗೆ ಅದನ್ನು ಹೇಳಿಕೊಡುವ ರೀತಿ ಬರೆದರು, ಡಬ್ಬಿಗೆ ಮಾತ್ರ ಅನ್ವಯಿಸುವ ಹಾಗೆ. ಕಟ್ಟು ತಯಾರಾಯಿತು. ಹಿಡಿಸಿತು. ಡಬ್ಬಿ ಚಾಲೂ ಆಯಿತು.

ಬೇರೆ ಮಗ್ಗದಲ್ಲಿ ಹತ್ತಿ ನೂಲು ಹಾಕಿ ಮೊದಲು ಅಲ್ಲಿ ನೇಯ್ದು ನೋಡೋಣ ಅಂತ ಹನುಮಂತರಾಯಪ್ಪನವರೇ ಸೂಚಿಸಿದರು. ಡಬ್ಬಿಯನ್ನು ಆ ಮಗ್ಗಕ್ಕೆ ಜೋಡಿಸಿದರು. ಜ್ಯೋ ಸರಿಯಾಗಿ ಬಂತು. ಆಮೇಲೆ ಮುಂದಿನ ಅಕ್ಷರ. ತ, ಅದರ ಕೆಳಗೆ ಸಕಾರದ ಒತ್ತು, ಪಕ್ಕಕ್ಕೆ ನಕಾರದ ಒತ್ತು, ದೀರ್ಘ. ಷಫಿ ಕನ್ನಡಿಯಲ್ಲಿ ನೋಡಿ ನಕ್ಕ. ಆಮೇಲೆ ಡಬ್ಬಿಯನ್ನು ರೇಷ್ಮೆ ಮಗ್ಗಕ್ಕೆ ವಾಪಸು ಜೋಡಿಸಿ ನೇಯ್ದರು. ಬಿಚ್ಚಿದ ಜಾಗದಲ್ಲಿ ಒಂದೆರಡು ಎಳೆ ಕಿತ್ತಿತು, ಗಂಗಮ್ಮ ಗಂಟು ಹಾಕಿ ಕೂಡಿಸಿದರು. ಸಂಜೆಯ ಬೆಳಕು ಇರುವಾಗಲೇ ಹೆಸರು ಮುಗಿಯಿತು. ಗಂಗಮ್ಮ ಅದನ್ನು ಒಂದು ಸಲ ದೊಡ್ಡದಾಗಿ ಓದಿದರು. ಆಮೇಲೆ ನಮಗೆಲ್ಲ ಉಪ್ಪಿಟ್ಟು ಮಾಡಿಕೊಟ್ಟರು.

ಮಾರನೆಯ ದಿನ ಜ್ಯೋತ್ಸ್ನಾ ಬಂದಾಗ ನಾವು ಅಲ್ಲಿರಲಿಲ್ಲ. ಗಂಗಮ್ಮ ಫೋನು ಮಾಡಿ ಹೇಳಿದರು. ಅವಳು ಸೀರೆ ಪೂರ್ತಿ ಬಿಡಿಸಿ ನೋಡಲೇ ಇಲ್ಲವಂತೆ. ಸೆರಗು ತೆಗೆದು, ಹೆಸರಿನ ಮೇಲೆ ಬೆರಳಿಟ್ಟು ಒಂದೊಂದು ಅಕ್ಷರ ತಡವಿ, ಸರಿಯಾಗಿದೆ ಆಂಟಿ ಅಂದು ಮಡಿಸಿಕೊಂಡಳಂತೆ. ಹಿಂದಿನ ದಿನ ಏನಾಗಿತ್ತು ಅಂತ ಗಂಗಮ್ಮ ಅವಳಿಗೆ ಹೇಳಲಿಲ್ಲ. ಮದುವೆ ಮುಗಿದು ಶಿವಗಂಗೆಗೆ ಹೋಗಿ ಬರುವಾಗ ಗಂಡನನ್ನು ಕರೆದುಕೊಂಡು ಶೆಡ್ಡಿಗೆ ಬಂದಿದ್ದಳು ಅಂತ ಆಮೇಲೆ ಕೇಳಿದೆ. ನಾನು ಅವಳನ್ನು ಇವತ್ತಿಗೂ ನೋಡಿಲ್ಲ. ಈ ಕೆಲಸದಲ್ಲಿ ಹಾಗೇ. ನಾವು ಕಟ್ಟಿದ್ದು ಯಾರ ಹತ್ತಿರ ಹೋಗುತ್ತದೆಯೋ ಅವರಲ್ಲಿ ಬಹಳ ಜನರನ್ನು ನಾವು ಕಾಣುವುದೇ ಇಲ್ಲ.

ಅದಾದ ಮೇಲೆ ಆಫೀಸಿನ ರೀತಿ ಬದಲಾಯಿತು. ಅನುಪಮಾ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಅಲೆದು ನಮ್ಮ ಡಬ್ಬಿಯ ಮಾದರಿಯದೇ ಇನ್ನೊಂದನ್ನು ಹುಡುಕಿ ತಂದು, ಸರಿಮಾಡಿಸಿ, ತಮ್ಮ ಕ್ಯಾಬಿನ್ನಿನಲ್ಲೇ ಇಟ್ಟರು. ಪ್ರತಿ ಕಟ್ಟನ್ನೂ ಅದು ಓಡಬೇಕಾದ ಜಾಗದಲ್ಲೇ ಓಡಿಸಿ ನೋಡಬೇಕು, ಬ್ರೌಸರಿನದನ್ನು ಬ್ರೌಸರಿನಲ್ಲಿ, ಡಬ್ಬಿಯದನ್ನು ಡಬ್ಬಿಯಲ್ಲಿ ಅಂತ ನಿಯಮವಾಯಿತು. ಆ ಪರೀಕ್ಷೆಗೆ ಷಫಿ ಒಂದೇ ಪದ ಇಟ್ಟುಕೊಂಡ. ಯಾವ ಪದ ಅಂತ ಹೇಳಬೇಕಾಗಿಲ್ಲ. ಮುಂದಿನ ವರ್ಷ ಡಬ್ಬಿಯ ಕಟ್ಟನ್ನು ನಿಲ್ಲಿಸುವ ಮಾತು ಮತ್ತೆ ಏಳಲಿಲ್ಲ. ಅದರ ಮುಂದಿನ ವರ್ಷವೂ ಏಳಲಿಲ್ಲ. ಬೆಂಗಳೂರಿನ ಮೀಟಿಂಗಿನಲ್ಲಿ ಯಾರಾದರೂ ಕೆದಕಿದರೆ ಅನುಪಮಾ, ಬಳಸೋರು ಇರೋತನಕ ಇರುತ್ತೆ ಅಂತ ಮುಗಿಸಿಬಿಡುತ್ತಿದ್ದರು ಅಂತ ಷಫಿ ಹೇಳುತ್ತಿದ್ದ. ನಾನು ಊಟದ ಹೊತ್ತಿಗೆ ಬೇಗ ಏಳುವುದನ್ನು ಬಿಟ್ಟೆ. ಅವರಿಗೆ ನಮ್ಮ ಮನೆಯ ಅವರೆಕಾಳು ಸಾರು ತುಂಬಾ ಇಷ್ಟ ಅಂತ ಆಮೇಲೆ ಗೊತ್ತಾಯಿತು. ನನ್ನನ್ನು ಮೇಡಂ ಅಂತಿದ್ದವರು ಯಾವಾಗ ಅಕ್ಕ ಅನ್ನಲು ಶುರುಮಾಡಿದರು ಅಂತ ನೆನಪಿಲ್ಲ.

ಟೂಲುಗಳು ಆಮೇಲೂ ಬದಲಾದವು. ಒಂದನ್ನು ಕಲಿತು ಕೈಗೆ ಹತ್ತುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಟೂಲನ್ನು ಬೈದು ಪ್ರಯೋಜನವಿಲ್ಲ ಅಂತ ನಾನು ಕಲಿತೆ. ಅದು ಹೇಳಿದಷ್ಟು ಮಾಡುತ್ತದೆ. ಏನು ಹೇಳಬೇಕು ಅನ್ನುವುದು ಮಾತ್ರ, ಆ ಫೈಲು ಹೋಗಿ ಕೂರುವ ಜಾಗವನ್ನು ಒಂದು ಸಲವಾದರೂ ಕಣ್ಣಾರೆ ನೋಡಿದವರಿಗೆ ಸುಲಭ. ಹೊಸದಾಗಿ ಸೇರಿದವರನ್ನು ಅದಕ್ಕೇ ಮೊದಲ ವಾರದಲ್ಲೇ ಶೆಡ್ಡಿಗೆ ಕರೆದೊಯ್ಯುತ್ತಿದ್ದೆ. ಮಗ್ಗದ ಸದ್ದಿಗೆ ಕಿವಿ ಮುಚ್ಚಿಕೊಳ್ಳೋರು. ಹೊರಗೆ ಬಂದ ಮೇಲೆ, ಅಷ್ಟು ಚಿಕ್ಕ ಡಬ್ಬಿನಾ ಅಂತ ಕೇಳೋರು. ಆ ಪ್ರಶ್ನೆ ಕೇಳಿದವರು ಕೆಲಸ ಕಲಿಯುತ್ತಾರೆ ಅಂತ ನನಗೆ ಧೈರ್ಯ ಬರುತ್ತಿತ್ತು.

ನನ್ನ ನಿವೃತ್ತಿಗೆ ಇನ್ನು ಕೆಲವು ತಿಂಗಳಿರುವಾಗ ಹನುಮಂತರಾಯಪ್ಪನವರು ಆಫೀಸಿಗೇ ಬಂದರು. ಆ ಹೊತ್ತಿಗೆ ನಮ್ಮ ಡಬ್ಬಿ ಉಳಿದಿದ್ದದ್ದು ಅವರ ಶೆಡ್ಡಿನಲ್ಲಿ ಮಾತ್ರ. ಬಾಕಿಯವರೆಲ್ಲ ಹೊಸ ಮಗ್ಗ ಹಾಕಿಸಿದ್ದರು. ಅವರು ಮೆಟ್ಟಿಲು ಹತ್ತಿ ಬಂದ ಆಯಾಸಕ್ಕೆ ಸ್ವಲ್ಪ ಹೊತ್ತು ಕೂತು ನೀರು ಕುಡಿದರು. ತಾವೂ ಹೊಸದು ಹಾಕಿಸಿದ್ದಾಗಿ, ಹಳೆಯದನ್ನು ನಿನ್ನೆ ಗೋಡೆಯಿಂದ ಇಳಿಸಿದ್ದಾಗಿ ಹೇಳಿದರು. ಫೋನಿನಲ್ಲಿ ಹೇಳಬಹುದಿತ್ತಲ್ಲ, ಇಷ್ಟು ದೂರ ಯಾಕೆ ಬಂದಿರಿ ಅಂತ ಅನುಪಮಾ ಕೇಳಿದರು.

'ನನ್ನೊಬ್ಬನಿಗೋಸ್ಕರ ಇಷ್ಟು ದಿನ ಕಟ್ಟಿದೀರ' ಅಂದರು ಅವರು, ನನ್ನ ಕಡೆ ತಿರುಗಿ. 'ಇನ್ಮೇಲೆ ಕಟ್ಟಬೇಡಿ ನಾಗರತ್ನಮ್ಮ ಅಂತ ಎದುರಿಗೇ ಹೇಳ್ಬೇಕು ಅನ್ನಿಸ್ತು.'

ಅವರು ಹೋದ ಮೇಲೆ ಅನುಪಮಾ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಡಬ್ಬಿಯ ಕಟ್ಟಿಗೆ ಸಂಬಂಧಿಸಿದ ಸಾಲುಗಳನ್ನು ತೆಗೆಯಬೇಕಿತ್ತು. ನೀವೇ ತೆಗೀರಿ ಅಕ್ಕ ಅಂದರು. ನಾನು ಆ ಸಾಲುಗಳನ್ನು ಒಂದು ಸಲ ಓದಿ, ಅಳಿಸಿ, ಬಿಲ್ಡ್ ಓಡಿಸಿದೆ. ಬ್ರೌಸರಿನದು ಆಯಿತು, ಸರ್ವರಿನದು ಆಯಿತು. ಅಲ್ಲಿಗೆ ನಿಂತಿತು. ಯಾವಾಗಲೂ ಅದು ಮುಗಿಯುವಷ್ಟರಲ್ಲಿ ನಾನು ಎದ್ದು ಹೋಗಿ ಟೀ ಕುಡಿದು ಬರುತ್ತಿದ್ದೆ. ಆವತ್ತು ಕುರ್ಚಿಯಿಂದ ಏಳುವ ಮೊದಲೇ ಮುಗಿದುಹೋಯಿತು.

'ಎಷ್ಟು ಬೇಗ ಆಯ್ತಲ್ಲ' ಅಂದರು ಅನುಪಮಾ.

ಹೌದು ಅಂದೆ. ಇಬ್ಬರೂ ಪರದೆ ನೋಡುತ್ತಾ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆವು.